ಕಾರಿನ ಕಟಕಟ ಸದ್ದು: ಮೂಲವನ್ನು ಪತ್ತೆಹಚ್ಚುವ ಕ್ರಮ

2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮೇಲೆ ನಿಶ್ಶಬ್ದವಾಗಿ ಓಡಿಬಂದ ಕಾರು, ರಾಮನಗರದ ಊರೊಳಗಿನ ಹಳೆಯ ರಸ್ತೆಗೆ ಇಳಿದೊಡನೆ ಮೊದಲನೆಯ ಹಂಪಿನಲ್ಲಿಯೇ ಮುಂಚಕ್ರದ ಕಡೆಯಿಂದ ‘ಕಟ್ ಕಟ್’ ಎಂದು ಸದ್ದು ಮಾಡಿದರೆ, ಮಾಲೀಕನಿಗೆ ಗಾಬರಿಯಾಗುವುದು ಸಹಜವಾದರೂ, ದೋಷನಿದಾನದ ದೃಷ್ಟಿಯಿಂದ ಅರ್ಧ ಉತ್ತರ ಅಲ್ಲಿಯೇ ದೊರೆತಂತಾಯಿತು. ಎಂಜಿನ್ನು ಅಷ್ಟು ರಭಸದಿಂದ ತಿರುಗುತ್ತಿದ್ದಾಗ ಬಾರದಿದ್ದ ಸದ್ದು ನಿಧಾನಗತಿಯಲ್ಲಿ, ರಸ್ತೆಯ ಏರುಪೇರಿಗೆ ಸರಿಯಾಗಿ ಬರುತ್ತಿದೆಯೆಂದರೆ, ಅದು ಪ್ರಾಯಶಃ ಸಸ್ಪೆನ್ಷನ್ನಿನ ಯಾವುದೋ ಕೀಲು ಸವೆದುದರ ಫಲ. ಆದಕಾರಣ ಬಿಡಿಭಾಗಗಳ ಅಂಗಡಿಗೆ ಹೋಗುವ ಮುನ್ನ, ಸದ್ದು ಯಾವಾಗ ಬರುತ್ತದೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಎಲ್ಲಕ್ಕೂ ಮೊದಲು ಡಿಕ್ಕಿಯನ್ನು ಬರಿದು ಮಾಡಬೇಕು. ಸಡಿಲವಾದ ಸ್ಟೆಪ್ನಿ, ಅದರ ಕೆಳಗೆ ಉರುಳಾಡುವ ಜಾಕಿಯ ಹಿಡಿ, ಮಕ್ಕಳಿಗೆಂದು ಚನ್ನಪಟ್ಟಣದಲ್ಲಿ ಕೊಂಡು ಮರೆತುಬಿಟ್ಟ ಮರದ ಕುದುರೆ, ಇವು ಮಾಡುವ ಸದ್ದಿಗೆ ಶಾಕಪ್ ಬದಲಾಯಿಸಿಕೊಂಡವರೂ ಇರಲಾರರೆಂದು ಹೇಳುವ ಧೈರ್ಯ ನನಗಿಲ್ಲ.

ಅನಂತರ ಸಮತಟ್ಟಾದ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಯೇ ಎಂಜಿನ್ ಓಡಿಸಿ ಆಲಿಸಬೇಕು. ನಿಂತಲ್ಲಿಯೇ ಗುದ್ದುವಂಥ ಸದ್ದು ಕೇಳಿಸಿ, ಆಕ್ಸಿಲರೇಟರ್ ತುಳಿದಂತೆ ಅದೂ ತೀವ್ರವಾದರೆ, ತಕ್ಷಣ ಎಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕನ್ನು ಒರೆಸಿ ಮತ್ತೆ ಇಳಿಸಿ ನೋಡತಕ್ಕದ್ದು. ಆಯಿಲ್ ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಸುರಿಯಬೇಕು. ಸುರಿದ ಮೇಲೂ ಸದ್ದು ಉಳಿದರೆ ಅಥವಾ ಆಯಿಲ್ಲಿನ ಕೆಂಪು ದೀಪ ಆರದಿದ್ದರೆ, ಒಳಗಿನ ಬೇರಿಂಗು ಸವೆದಿರುವ ಶಂಕೆಯಿರುವುದರಿಂದ, ಒಂದು ಫರ್ಲಾಂಗನ್ನೂ ಓಡಿಸದೆ ಕಟ್ಟಿ ಎಳೆಸಿಕೊಂಡು ಹೋಗುವುದೇ ಲೇಸು. ಮಾಗಡಿ ಕಡೆಯ ಏರುಗಳಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಯುವಾಗ ಮಾತ್ರ ಕೇಳಿಸುವ ಕಿಣಿಕಿಣಿ ಬೇರೆ ಜಾತಿಯದು: ಸಿಲಿಂಡರಿನಲ್ಲಿ ಇಂಧನವು ಕ್ರಮತಪ್ಪಿ ಉರಿಯುವುದರಿಂದ ಅದು ಹುಟ್ಟುತ್ತದೆ. ಒಂದು ಗೇರು ಇಳಿಸಿದರೆ ಸಾಮಾನ್ಯವಾಗಿ ಅಡಗುತ್ತದೆ. ಅಡಗದಿದ್ದರೆ ಪೆಟ್ರೋಲು, ಸ್ಪಾರ್ಕ್ ಪ್ಲಗ್ಗು ಇವುಗಳ ವಿಚಾರಣೆ ಆಗಬೇಕು.

ಕನಕಪುರದಿಂದ ಸಂಗಮಕ್ಕೆ ಇಳಿಯುವ ದಾರಿಯ ತಿರುವುಗಳಲ್ಲಿ ‘ಟಕಟಕ’ ಎಂದು ಲಯಬದ್ಧವಾಗಿ ಬರುವ ಸದ್ದು ಆಕ್ಸಲ್ಲಿನ ಹೊರತುದಿಯ ಕೀಲಿನದು. ಬಯಲಿನಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತುಹಾಕಿದರೆ ಅದು ಸ್ಪಷ್ಟವಾಗುತ್ತದೆ. ಚಕ್ರದ ಹಿಂದಿರುವ ರಬ್ಬರ್ ಬೂಟು ಹರಿದು ಗ್ರೀಸು ಸುತ್ತಲೂ ಸಿಡಿದಿದ್ದರೆ, ಸದ್ದು ಆರಂಭವಾಗುವ ಮೊದಲೇ ಬೂಟನ್ನು ಬದಲಾಯಿಸಿದವನು ಆಕ್ಸಲ್ಲಿನ ಖರ್ಚನ್ನು ಉಳಿಸಿಕೊಳ್ಳುತ್ತಾನೆ.

ಆದರೆ ಹಂಪಿನ ಸದ್ದಿಗೆ ಮೊದಲು ಶಂಕಿಸತಕ್ಕದ್ದು ಲಿಂಕ್ ರಾಡನ್ನು. ತಿರುವಿನಲ್ಲಿ ಕಾರು ಓಲದಂತೆ ತಡೆಯುವ ಅಡ್ಡಸರಳನ್ನು ಶಾಕಪ್ಪಿಗೆ ಜೋಡಿಸುವ ಕೊಂಡಿ ಇದು. ಇದಿಲ್ಲದ ಕಾರುಗಳೂ ಉಂಟು. ಎರಡು ಚಕ್ರಗಳೂ ಸಮವಾಗಿ ನೆಲದ ಮೇಲಿರುವಾಗ, ಎಂಜಿನ್ ಆರಿಸಿ, ಸ್ಟೇರಿಂಗನ್ನು ಒಂದು ಪಕ್ಕಕ್ಕೆ ತಿರುಗಿಸಿ, ಚಕ್ರದ ಹಿಂದಕ್ಕೆ ಕೈಹಾಕಿ ಕೊಂಡಿಯನ್ನು ಜೋರಾಗಿ ಅಲುಗಿಸಿ ನೋಡಿರಿ. ತುದಿಯ ರಬ್ಬರ್ ಟೋಪಿ ಬಿರಿದು, ಒಳಗಿನ ಗ್ರೀಸಿಗೆ ಹಳ್ಳಿರಸ್ತೆಯ ಕೆಂಪು ಧೂಳು ಬೆರೆತು, ಗುಂಡು ತನ್ನ ಗೂಡಿನಲ್ಲಿ ಲೊಟಲೊಟನೆ ಆಡುತ್ತಿದ್ದರೆ ಅಪರಾಧಿ ಸಿಕ್ಕಿದಂತೆಯೇ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ. ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ವೀಲ್ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಮುಂಭಾಗದ ಎರಡು ಪಕ್ಕವನ್ನೂ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ ಚಕ್ರಗಳನ್ನು ಕಳಚಬೇಕು; ಒಂದೇ ಪಕ್ಕವನ್ನು ಎತ್ತಿದರೆ ಅಡ್ಡಸರಳು ತಿರುಚಿಕೊಂಡು ಕೊಂಡಿ ಬಿಗಿಯುತ್ತದೆ. ಬರಿಯ ಜಾಕಿಯನ್ನು ನಂಬಿ ಕಾರಿನಡಿಗೆ ಹೋಗುವುದು ಸರ್ವಥಾ ಕೂಡದು. ಕೊಂಡಿಯ ತುಕ್ಕುಹಿಡಿದ ನಟ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಸಾವಕಾಶ ಮಾಡಿ, ಬೋಲ್ಟು ತಾನೂ ತಿರುಗದಂತೆ ಅದರ ನಡುವಿಗೆ ಆಲನ್ ಕೀ ಕೊಟ್ಟು ಹಿಡಿದು ನಟ್ಟು ಬಿಚ್ಚಬೇಕು. ಒಂದು ಸವೆದಿದ್ದರೂ ಎರಡು ಪಕ್ಕದ್ದನ್ನೂ ಬದಲಾಯಿಸುವುದು ಮೇಲು.

ಲಿಂಕ್ ರಾಡು ಗಟ್ಟಿಯಾಗಿದ್ದರೆ, ಕಾರನ್ನು ಹೀಗೆಯೇ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಿಸಬೇಕು: ಆಡಿದರೆ ಬೇರಿಂಗೋ ಕೆಳಗಿನ ಬಾಲ್ ಜಾಯಿಂಟೋ ಕೆಟ್ಟಿದೆ. ಅಕ್ಕಪಕ್ಕ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗಿನ ಟೈರಾಡ್ ತುದಿಯ ದೋಷ. ಅದನ್ನು ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಬಾಲ್ ಜಾಯಿಂಟು ಕಳಚಿದರೆ ಚಕ್ರವೇ ಮಡಚಿಕೊಳ್ಳುವ ಅಪಾಯವಿರುವುದರಿಂದ ಅದರ ರಿಪೇರಿಯನ್ನು ಮನೆಯಲ್ಲಿ ಪ್ರಯೋಗಿಸದೆ ಗ್ಯಾರೇಜಿಗೆ ಬಿಡುವುದು ಯುಕ್ತ. ಶಾಕಪ್ಪಿನ ಮೈಮೇಲೆ ಎಣ್ಣೆ ಸೋರಿದ್ದರೆ ಅದರ ಆಯುಷ್ಯ ಮುಗಿದಿದೆ.

ಕೆಲಸ ಮುಗಿದ ಬಳಿಕ ವೀಲ್ ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ ಬಿಗಿದು, ಕಾರನ್ನು ನೆಲಕ್ಕಿಳಿಸಿ ಕೈಪಿಡಿಯ ಪ್ರಮಾಣಕ್ಕೆ ಪೂರ್ತಿ ಬಿಗಿಗೊಳಿಸಿ, ನೂರು ಕಿಲೋಮೀಟರಿನೊಳಗಾಗಿ ಮತ್ತೊಮ್ಮೆ ಪರೀಕ್ಷಿಸಬೇಕು. ಸದ್ದು ಆಮೇಲೂ ಉಳಿದರೆ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟುಬರುವ ಬದಲು, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಬರುವ ರಸ್ತೆಯಲ್ಲಿಯೇ, ಸದ್ದು ಬರುವ ವೇಗದಲ್ಲಿಯೇ ಓಡಿಸಿ ಕೇಳಿಸಿರಿ.