ಹೊಗೆಸೊಪ್ಪಿನ ದುಡ್ಡಲ್ಲಿ ಹಳೇ ಇನ್ನೋವಾ ತಗೊಳ್ಳಬಹುದಾ?

ಪ್ರಶ್ನೆ: ನಮ್ಮದು ಹನಗೋಡಿನ ಹತ್ತಿರದ ಹಳ್ಳಿ. ಹೊಗೆಸೊಪ್ಪೇ ಜೀವನ. ಈ ಸಲ ಹರಾಜಿನ ದುಡ್ಡು ಬಂದ ಮೇಲೆ 2009ರ ಇನ್ನೋವಾ ಡೀಸೆಲ್ ಗಾಡಿ ತಗೊಳ್ಳೋಣ ಅಂತ ಮಗ ಹಟ ಹಿಡಿದಿದ್ದಾನೆ. ಮೀಟರಿನಲ್ಲಿ 2 ಲಕ್ಷ 60 ಸಾವಿರ ಕಿ.ಮೀ. ಇದೆ. ಮೂರೂಮುಕ್ಕಾಲು ಲಕ್ಷ ಕೇಳ್ತಿದಾರೆ, ಸ್ವಲ್ಪ ಸಾಲವೂ ಆಗಬೇಕು. 'ಇನ್ನೋವಾ ಎಂಜಿನ್‌ಗೆ ಸಾವಿಲ್ಲ, ಐದು ಲಕ್ಷ ಓಡುತ್ತೆ' ಅಂತ ಮಾರೋರು ಹೇಳಿದ್ದನ್ನೇ ಮಗನೂ ಹೇಳ್ತಾನೆ. ನಮ್ಮ ಗುರುತಿನ ಮೆಕ್ಯಾನಿಕ್ ಮಾತ್ರ 'ಟರ್ಬೋ ಪೈಪಲ್ಲಿ ಆಯಿಲ್ ಇದೆ, ಯೋಚನೆ ಮಾಡಿ' ಅಂದರು. ಕೆ.ಆರ್. ನಗರದಲ್ಲಿ ನಮ್ಮಣ್ಣನ ಹಳೇ ಕ್ವಾಲಿಸ್ ಇದೆ, ಇವತ್ತಿನವರೆಗೂ ಎಂಜಿನ್ ಬಿಚ್ಚಿಲ್ಲ. ಇದೂ ಹಾಗೇ ಬಾಳಿಕೆ ಬರುತ್ತಾ? ಟಿಲ್ಲರಿಗೆ ತಂದಿಟ್ಟ ಡೀಸೆಲ್ಲೇ ಸಾಕು ಅಂತಾರೆ ನಮ್ಮ ಯಜಮಾನರು. ಆಗಾಗ ಬಾಡಿಗೆಗೆ ಬಿಟ್ಟರೆ ಸಾಲ ತೀರುತ್ತೆ ಅನ್ನೋದು ಮಗನ ಲೆಕ್ಕ. ಮನೆಯಲ್ಲಿ ಬೇಡ ಅನ್ನೋಳು ನಾನೊಬ್ಬಳೇ. ನಂದೇ ತಪ್ಪಾ?
(ಹೆಸರು ಬೇಡ, ಹುಣಸೂರು ತಾಲ್ಲೂಕು)

ಅಕ್ಕಾ, ತಪ್ಪು ನಿಮ್ಮದಲ್ಲ. ಆದರೆ ನೀವು 2 ಲಕ್ಷ 60 ಸಾವಿರ ಅನ್ನೋ ಅಂಕಿ ನೋಡಿ ಹೆದರಿದ್ದರೆ, ಆ ಭಯ ಬಿಡಿ. ಆ ಎಂಜಿನ್‌ಗೆ ಅದು ದೊಡ್ಡ ಓಟವಲ್ಲ. ಅಷ್ಟೂ ದೂರ ಅದನ್ನು ಯಾರು ಹೇಗೆ ನೋಡಿಕೊಂಡರು ಅನ್ನೋದಕ್ಕೆ ಕಾಗದ ಇಲ್ಲದಿದ್ದರೆ ಮಾತ್ರ ಹೆದರಬೇಕು. ಈ ಉತ್ತರ ಮಗನೂ ಓದಲಿ.

ಮೊದಲು ಎಂಜಿನ್ ಯಾವುದು ಅಂತ ತಿಳಿದುಕೊಳ್ಳಿ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಇನ್ನೋವಾ ಹೊರಬಂತು, 2016ರಲ್ಲಿ ಅದರ ಜಾಗಕ್ಕೆ ಕ್ರಿಸ್ಟಾ ಬಂತು. ಆ ಹನ್ನೊಂದು ವರ್ಷದ ಡೀಸೆಲ್ ಇನ್ನೋವಾಗಳಲ್ಲಿ ಇದ್ದದ್ದು 2ಕೆಡಿ-ಎಫ್‌ಟಿವಿ ಅನ್ನೋ ಎಂಜಿನ್. 2494 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಶಕ್ತಿ 3600 ಆರ್‌ಪಿಎಂನಲ್ಲಿ 102 ಪಿಎಸ್. ಎಳೆಯುವ ಬಲ 200 ನ್ಯೂಟನ್ ಮೀಟರ್, ಅದು 1400ರಿಂದ 3400 ಆರ್‌ಪಿಎಂವರೆಗೂ ಒಂದೇ ಸಮ ಸಿಗುತ್ತದೆ. ಇವತ್ತಿನ ಕಾರುಗಳ ಮುಂದೆ ಈ ಅಂಕಿ ದೊಡ್ಡದಲ್ಲ. ಎರಡೂವರೆ ಲೀಟರ್ ಎಂಜಿನ್‌ನಿಂದ ಇಷ್ಟೇ ಕೆಲಸ ತೆಗೆಯುವುದರಿಂದಲೇ ಅದು ದಣಿಯುವುದಿಲ್ಲ. ಬ್ಲಾಕ್ ಎರಕದ ಕಬ್ಬಿಣದ್ದು. ಮಗ ಹೇಳುವ ಬಾಳಿಕೆಯ ಮಾತಿಗೆ ಆಧಾರ ಇದೆ, ಅದನ್ನು ನಾನು ತೆಗೆದುಹಾಕುವುದಿಲ್ಲ.

ಆದರೆ ನಿಮ್ಮಣ್ಣನ ಕ್ವಾಲಿಸ್ ಜೊತೆ ಇದನ್ನು ಹೋಲಿಸಬೇಡಿ. ಕ್ವಾಲಿಸ್‌ನ 2.4 ಲೀಟರ್ ಎಂಜಿನ್‌ಗೆ ಟರ್ಬೋ ಇಲ್ಲ, ಅದರ ಡೀಸೆಲ್ ಪಂಪು ಹಳೇ ಕಾಲದ್ದು, ಅಷ್ಟಿಷ್ಟು ಕೆಟ್ಟ ಡೀಸೆಲ್ ಬಿದ್ದರೂ ತಡೆದುಕೊಳ್ಳುತ್ತೆ. ಇನ್ನೋವಾದಲ್ಲಿ ಟರ್ಬೋ ಇದೆ, ಕಾಮನ್ ರೈಲ್ ಇದೆ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 2 ಬಾರ್ ಆಸುಪಾಸು. ಕಾಮನ್ ರೈಲಿನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಬಲ್ಲ ಒತ್ತಡದಲ್ಲಿ ನಿಂತಿರುತ್ತದೆ, ಬಹಳ ಸಣ್ಣ ತೂತುಗಳಿಂದ ಸಿಲಿಂಡರಿಗೆ ಚಿಮ್ಮುತ್ತದೆ. ಅಂಥ ಇಂಜೆಕ್ಟರಿಗೆ ಒಂದಿಷ್ಟು ನೀರೋ, ಡ್ರಮ್ಮಿನ ತುಕ್ಕಿನ ಪುಡಿಯೋ ಹೋದರೆ ಸಾಕು.

ಅದಕ್ಕೇ ಯಜಮಾನರ ಮಾತು ಒಪ್ಪಲಾರೆ. ಪಿರಿಯಾಪಟ್ಟಣ, ಹುಣಸೂರು ಕಡೆ ಟಿಲ್ಲರಿಗೆ, ಪಂಪ್‌ಸೆಟ್ಟಿಗೆ ಅಂತ ಮನೆ ಹಿಂದೆ ಕ್ಯಾನಿನಲ್ಲೋ ನೀಲಿ ಡ್ರಮ್ಮಿನಲ್ಲೋ ಡೀಸೆಲ್ ಇಟ್ಟಿರುತ್ತಾರೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದ ಚಾವಡಿಯಲ್ಲಿ ಹಗಲು ಬಿಸಿ, ಮಳೆಗಾಲದ ರಾತ್ರಿ ತಣ್ಣಗೆ. ಅರ್ಧ ಖಾಲಿ ಡ್ರಮ್ಮಿನ ಒಳಮೈಗೆ ಹನಿ ಕಟ್ಟಿ ನೀರು ತಳಕ್ಕಿಳಿಯುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಧೂಳು ಸೇರುತ್ತದೆ. ಒಂದು ಗಾಜಿನ ಬಾಟಲಿಗೆ ಡ್ರಮ್ಮಿನ ತಳದ ಡೀಸೆಲ್ ಹಿಡಿದು ಬೆಳಗ್ಗೆವರೆಗೆ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಬಣ್ಣದ ಪದರ ಕೂತಿದ್ದರೆ ಯಜಮಾನರಿಗೆ ತೋರಿಸಿ. ಟಿಲ್ಲರ್ ಅದನ್ನು ನುಂಗಿಕೊಂಡು ಓಡೀತು, ಇನ್ನೋವಾ ಓಡಲ್ಲ. ಬಂಕಿನಿಂದ ನೇರ ಟ್ಯಾಂಕಿಗೇ ತುಂಬಿಸಬೇಕು, ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು, ಫಿಲ್ಟರಿನಲ್ಲಿ ನೀರಿದೆ ಅನ್ನೋ ದೀಪ ಬಂದರೆ ಅವತ್ತೇ ನೀರು ತೆಗೆಸಬೇಕು. ನಾಲ್ಕೂ ಇಂಜೆಕ್ಟರ್ ಹೋದರೆ ಬರುವ ಖರ್ಚು ಒಂದು ಬೆಳೆಯ ಲಾಭವನ್ನೇ ತಿನ್ನುವಂಥದ್ದು.

ಇನ್ನು ಮೆಕ್ಯಾನಿಕ್ ಹೇಳಿದ ಟರ್ಬೋ. ಅವರು ನೋಡಿದ್ದು ಸರಿ, ಆದರೆ ಅಷ್ಟಕ್ಕೇ ಗಾಡಿ ಬಿಡಬೇಡಿ. ಎಂಜಿನ್ ಒಳಗಿನ ಹಬೆ ಗಾಳಿ ಪೈಪಿಗೆ ವಾಪಸ್ ಬರುವ ವ್ಯವಸ್ಥೆ ಇರುವುದರಿಂದ ಪೈಪಿನ ಒಳಗೆ ತೆಳ್ಳಗೆ ಆಯಿಲ್ ಸವರಿದಂತೆ ಇರುವುದು ಹಳೇ ಡೀಸೆಲ್‌ಗಳಲ್ಲಿ ಮಾಮೂಲಿ. ಪೈಪ್ ಬಗ್ಗಿಸಿದಾಗ ಆಯಿಲ್ ಸುರಿದರೆ ಅದು ಬೇರೆ ಮಾತು. ಪೈಪ್ ಬಿಚ್ಚಿಸಿ, ಟರ್ಬೋದ ಶಾಫ್ಟನ್ನು ಬೆರಳಲ್ಲಿ ಹಿಡಿದು ನೋಡಲು ಹೇಳಿ. ಅಕ್ಕಪಕ್ಕ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ. ಹಿಂದೆ ಮುಂದೆ ಅಲುಗಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೋ ಮುಗಿದಿದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುವ ಆ ಶಾಫ್ಟನ್ನು ಎತ್ತಿ ಹಿಡಿದಿರುವುದು ಆಯಿಲ್ಲಿನ ಒಂದು ಪದರ ಮಾತ್ರ. ಆಯಿಲ್ ಬದಲಿಸದೆ ಓಡಿಸಿದವರ ಕೈಯಲ್ಲಿ, ಘಟ್ಟ ಹತ್ತಿಸಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸುವವರ ಕೈಯಲ್ಲಿ ಟರ್ಬೋ ಬೇಗ ಸಾಯುತ್ತದೆ. ಗಾಡಿ ತಗೊಂಡರೆ ಮಗ ಒಂದು ಅಭ್ಯಾಸ ಮಾಡಿಕೊಳ್ಳಲಿ: ದೂರ ಓಡಿಸಿ ಬಂದಮೇಲೆ ಒಂದೆರಡು ನಿಮಿಷ ಎಂಜಿನ್ ಹಾಗೇ ಓಡಲಿ, ಆಮೇಲೆ ಆರಿಸಲಿ. ಎಚ್.ಡಿ. ಕೋಟೆಯ ಒಳಗಿನ ಮಣ್ಣು ರಸ್ತೆಗಳಲ್ಲಿ ಓಡಾಟ ಜಾಸ್ತಿ ಇದ್ದರೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿರುವುದಕ್ಕಿಂತ ಬೇಗ ಬದಲಿಸಲಿ.

ನನಗೆ ನಿಜವಾದ ಚಿಂತೆ ಟೈಮಿಂಗ್ ಬೆಲ್ಟಿನದು. ಈ ಎಂಜಿನ್‌ಗೆ ಚೈನ್ ಇಲ್ಲ, ರಬ್ಬರಿನ ಬೆಲ್ಟ್ ಇದೆ. ಅದು ತುಂಡಾದರೆ ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿಯಾಗಿ ಒಂದೇ ಗಳಿಗೆಯಲ್ಲಿ ಎಂಜಿನ್ ಹೆಡ್ ಬಿಚ್ಚುವ ಕೆಲಸ ಬರುತ್ತದೆ. ಮುನ್ಸೂಚನೆಯ ಸದ್ದು ಬರಬಹುದು, ಬರದೆಯೂ ಇರಬಹುದು. ಬದಲಿಸುವ ಹೊತ್ತಾದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ಅನ್ನೋ ದೀಪ ಬರುತ್ತದೆ, ಆದರೆ ಬೆಲ್ಟ್ ಮುಟ್ಟದೆಯೂ ಆ ದೀಪ ಆರಿಸಬಹುದು. ಹಾಗಾಗಿ ದೀಪ ಇಲ್ಲ ಅಂದರೆ ನಂಬಬೇಡಿ, ಬೆಲ್ಟ್ ಮತ್ತು ಟೆನ್ಷನರ್ ಬದಲಿಸಿದ ಬಿಲ್ ತೋರಿಸಲು ಹೇಳಿ. ಬಿಲ್ ಇಲ್ಲವಾದರೆ ಬೆಲ್ಟ್ ಹಳೆಯದೇ ಅಂತ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಡಿಯಿರಿ, ಗಾಡಿ ಮನೆಗೆ ಬಂದ ವಾರವೇ ಬದಲಿಸಿ.

ಈ ಎಂಜಿನ್‌ಗಳಲ್ಲಿ ಗೊತ್ತಿರುವ ಇನ್ನೊಂದು ತೊಂದರೆ ಇಂಜೆಕ್ಟರ್ ಬುಡದ ತಾಮ್ರದ ವಾಷರ್. ಅದು ಸೋರಿದರೆ ಉರಿದ ಗ್ಯಾಸ್ ಮೇಲೆ ನುಗ್ಗಿ ಮಸಿ ಆಯಿಲ್ಲಿಗೆ ಸೇರುತ್ತದೆ. ಆ ಮಸಿ ಸಂಪಿನ ತಳದ ಜಾಲರಿಯನ್ನು ಮುಚ್ಚಿದರೆ ಎಂಜಿನ್‌ಗೆ ಆಯಿಲ್ಲೇ ಏರುವುದಿಲ್ಲ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಗೆ ಡಾಂಬರಿನಂಥ ಕರಿ ಕಂಡರೆ ಆ ಗಾಡಿ ಬಿಟ್ಟುಬಿಡಿ.

ನೋಡಲು ಹೋಗುವಾಗ ಬೆಳಗ್ಗೆಯೇ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ. ಮೊದಲ ಸ್ಟಾರ್ಟಿಗೆ ಬರುವ ಹೊಗೆ ಬಹಳ ಹೇಳುತ್ತದೆ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಆಮೇಲೆ ಕುಶಾಲನಗರ ದಾಟಿ ಸುಂಟಿಕೊಪ್ಪದ ಏರಿಗೆ ಓಡಿಸಿ. ಮೂರನೇ ಗೇರಿನಲ್ಲಿ 1500 ಆರ್‌ಪಿಎಂಗೆ ಇಳಿಸಿ ಪೂರ್ತಿ ಒತ್ತಿದರೆ ಗಾಡಿ ಮುಲುಕದೆ ಎಳೆಯಬೇಕು, ಅಲ್ಲಿಗಾಗಲೇ 200 ನ್ಯೂಟನ್ ಮೀಟರ್ ಬಂದಿರುತ್ತದಲ್ಲ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೆದ್ದರೆ ಮುಂದೆ ಮಾತೇ ಬೇಡ, ಏಕೆಂದರೆ ಬ್ಲಾಕ್ ಕಬ್ಬಿಣದ್ದಾದರೂ ಹೆಡ್ ಅಲ್ಯೂಮಿನಿಯಂದು, ಬಿಸಿ ಮಿತಿಮೀರಿದರೆ ಸೊಟ್ಟಗಾಗುತ್ತದೆ.

ಕಾಗದದ ವಿಷಯ ಚಿಕ್ಕದು, ಬಿಡುವಂತಿಲ್ಲ. 2009ರ ಗಾಡಿಯ ನೋಂದಣಿಯ ಹದಿನೈದು ವರ್ಷ 2024ಕ್ಕೇ ಮುಗಿದಿದೆ. ಆರ್‌ಸಿ ಐದು ವರ್ಷಕ್ಕೆ ನವೀಕರಣ ಆಗಿದೆಯಾ ನೋಡಿ. ಕೆಎ 45 ನಂಬರಾದರೆ ಹುಣಸೂರಿನ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಬಹುದು. ಕಾರಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದೆ, ಹಸಿರು ತೆರಿಗೆ ಬೇರೆ. ಡೀಸೆಲ್ ಗಾಡಿಗೆ ಹತ್ತೇ ವರ್ಷ ಅನ್ನೋ ಮಾತು ದೆಹಲಿ ಸುತ್ತಮುತ್ತಲಿನದು, ನಮ್ಮಲ್ಲಿ ಆ ನಿಯಮ ಇಲ್ಲ.

ಬಾಡಿಗೆಯ ಲೆಕ್ಕವನ್ನು ಮಾತ್ರ ಮಗ ಕೈಬಿಡಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಮಡಿಕೇರಿ ರಸ್ತೆಯಲ್ಲೋ ಬಾವಲಿ ರಸ್ತೆಯಲ್ಲೋ ಏನಾದರೂ ಆಗಿ, ಬಾಡಿಗೆಗೆ ಹೋಗಿದ್ದು ಅಂತ ಗೊತ್ತಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಆಗ ಜಮೀನಿನವರೆಗೂ ಬರುತ್ತದೆ ಕಷ್ಟ. ಬಾಡಿಗೆ ಬಂದರೆ ಮಾತ್ರ ತೀರುವ ಸಾಲವಾದರೆ ಈ ವರ್ಷ ಗಾಡಿ ಬೇಡ ಅಂತಲೇ ನಾನೂ ಹೇಳುತ್ತೇನೆ.

ಸಾಲವಿಲ್ಲದೆ ಆಗುವುದಾದರೆ, ಮೇಲಿನ ಪರೀಕ್ಷೆಯಲ್ಲಿ ಗಾಡಿ ಪಾಸಾದರೆ, ತಗೊಳ್ಳಿ. ಮೂರೂಮುಕ್ಕಾಲನ್ನು ಪೂರ್ತಿ ಕೊಡಬೇಡಿ. ಬೆಲ್ಟ್, ಎಲ್ಲಾ ಆಯಿಲ್, ಎಲ್ಲಾ ಫಿಲ್ಟರ್, ಕೂಲಂಟ್ ಪೈಪುಗಳು, ಇಂಜೆಕ್ಟರ್ ಪರೀಕ್ಷೆ, ಇಷ್ಟಕ್ಕೆ ನಿಮ್ಮ ಮೆಕ್ಯಾನಿಕ್ ಹತ್ತಿರ ಮೊದಲೇ ಅಂದಾಜು ಬರೆಸಿ, ಆ ದುಡ್ಡು ನಿಮ್ಮ ಖಾತೆಯಲ್ಲಿ ಇರಲಿ, ಮಗನ ಖಾತೆಯಲ್ಲಿ ಬೇಡ. ಚೌಕಾಸಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ. ಬೆಲ್ಟಿನ ಬಿಲ್ ಎಲ್ಲಿ ಅಂತ ನೀವೇ ಕೇಳಿ.