ಪೌರತ್ವವೂ ಗಡೀಪಾರೂ: ಒಂದು ವಿವೇಚನೆ

'ಪುರ' ಎಂಬ ಶಬ್ದದಿಂದ 'ಪೌರ', ಅದರಿಂದ 'ಪೌರತ್ವ'. 'ನಗರ'ದಿಂದ 'ನಾಗರಿಕ', ಅದರಿಂದ ನಮ್ಮ ಮರಾಠಿ ಬಾಂಧವರು ಬಳಸುವ 'ನಾಗರಿಕತ್ವ'. ಎರಡರ ಮೂಲದಲ್ಲಿಯೂ ಊರೇ ಇದೆ. ಊರಿಗೆ ಸೇರಿದವನು ಯಾರು, ಸೇರದವನು ಯಾರು ಎಂಬ ವಿಚಾರ ಈ ಶಬ್ದಗಳ ಹೊಟ್ಟೆಯಲ್ಲಿಯೇ ಅಡಗಿದೆ. ಇವುಗಳಿಗೆ ಎದುರಾಗಿ ನಿಲ್ಲುವ ಶಬ್ದ 'ಗಡೀಪಾರು'.

ಈ ವರ್ಷ ನಮ್ಮ ಶಾಲೆಯ ಚರ್ಚಾಕೂಟಕ್ಕೆ ವಿದ್ಯಾರ್ಥಿಗಳು ತಾವಾಗಿಯೇ ಒಂದು ವಿಷಯವನ್ನು ಆರಿಸಿಕೊಂಡರು: ಭಯೋತ್ಪಾದಕ ಸಂಘಟನೆಯನ್ನು ಸೇರಿದವರ ಪೌರತ್ವವನ್ನು ಸರಕಾರ ರದ್ದುಗೊಳಿಸಬೇಕೆ? ಪರವಾಗಿ ಮಾತನಾಡಲು ಹದಿನಾಲ್ಕು ಜನ ಹೆಸರು ಕೊಟ್ಟರು, ವಿರೋಧವಾಗಿ ಇಬ್ಬರೇ. (ಆ ಇಬ್ಬರಲ್ಲಿ ಒಬ್ಬನು ಪರಪಕ್ಷದಲ್ಲಿ ಸ್ಥಳ ಸಿಗದೆ ಬಂದವನು.) ಎಲ್ಲರೂ ಒಂದೇ ಕಡೆಗೆ ವಾಲಿದಾಗ ಇನ್ನೊಂದು ಕಡೆಯನ್ನು ತೋರಿಸಿಕೊಡುವುದು ಶಿಕ್ಷಕರ ಕೆಲಸವಾದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪರಪಕ್ಷದ ಮಾತಿನಲ್ಲಿ ಬಲವಿಲ್ಲವೆಂದು ನಾವು ಹೇಳುವುದಿಲ್ಲ. ಊರನ್ನು ಸುಡಲು ಕೊಳ್ಳಿ ಹಿಡಿದು ಹೊರಟವನಿಗೆ ಅದೇ ಊರಿನ ಬಾವಿಯ ನೀರಿನ ಮೇಲೆ ಹಕ್ಕೇಕೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ನಮ್ಮ ಭಾಗದಲ್ಲಿ ಇದು ಬರಿಯ ಉಪಮೆಯೂ ಅಲ್ಲ. 1947 ಮತ್ತು 1948ರಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಎಲ್ಲವೂ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದವು. 'ರಜಾಕಾರ' ಎಂಬ ಶಬ್ದಕ್ಕೆ ಸ್ವಯಂಸೇವಕ ಎಂದರ್ಥ. ಆ ಹೆಸರಿನ ಸಶಸ್ತ್ರ ದಳ ಹಳ್ಳಿಗಳ ಮೇಲೆ ಬಿದ್ದು ಮನೆಗಳನ್ನು ಸುಟ್ಟು ಸುಲಿದಾಗ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಸೊಲ್ಲಾಪುರದ ಕಡೆಗೆ ಓಡಿಹೋದವು. ಇಂದಿನ ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ 1948ರಲ್ಲಿ ನಡೆದ ಹತ್ಯಾಕಾಂಡವನ್ನು ಬೀದರ ಸೀಮೆಯ ಜನ ಇಂದಿಗೂ ಮರೆತಿಲ್ಲ. ಹೈದರಾಬಾದ ಸಂಸ್ಥಾನ ಭಾರತದಲ್ಲಿ ವಿಲೀನವಾಗಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನ್ ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ರಜಾಕಾರರ ಕಥೆಯನ್ನು ಎರಡು ಮತಗಳ ಜಗಳವೆಂದಷ್ಟೇ ತಿಳಿದ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಡಬೇಕು. "ಅಂಥವ್ರಿಗಿ ಈ ಮಣ್ಣಾಗ ಜಾಗಾನೇ ಇರಬಾರ್ದು" ಎಂದು ಹಿರಿಯರು ಇಂದಿಗೂ ಅಂದರೆ ಆ ಸಿಟ್ಟಿಗೆ ಕಾರಣವಿದೆ.

ಈ ದಳದ ಮುಖ್ಯಸ್ಥ ಕಾಸಿಂ ರಜ್ವಿ ನಮ್ಮವರಿಗೆ ದೂರದವನೇನೂ ಅಲ್ಲ, ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿದು ನಿಜಾಮರು ಶರಣಾದರು, ರಜ್ವಿ ಸೆರೆಸಿಕ್ಕಿದನು. ಆ ಕ್ಷಣದಲ್ಲಿ ಅವನನ್ನು ಗಡಿಯಾಚೆ ತಳ್ಳಿದ್ದರೆ ಕೇಳುವವರು ಯಾರೂ ಇರಲಿಲ್ಲ. ಸರಕಾರ ಹಾಗೆ ಮಾಡಲಿಲ್ಲ. ಬೀಬಿನಗರದ ದರೋಡೆಯ ವಿಷಯದಲ್ಲಿ ಅವನ ಮೇಲೆ ಖಟ್ಲೆ ಹೂಡಿ, ವಿಶೇಷ ನ್ಯಾಯಮಂಡಲಿಯ ಮುಂದೆ ಸಾಕ್ಷಿಗಳನ್ನು ನಿಲ್ಲಿಸಿತು.

ಇಲ್ಲಿಂದ ಮುಂದಿನ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಬಿಟ್ಟುಬಿಡುತ್ತವೆಯೋ ತಿಳಿಯದು. ವಿಚಾರಣೆ ನಡೆಯುತ್ತಿರುವಾಗಲೇ 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಿತು. ಶಿಕ್ಷೆಯಾದ ಮೇಲೆ ರಜ್ವಿ ಅದೇ ಸಂವಿಧಾನವನ್ನು ಹಿಡಿದು ಸುಪ್ರೀಮ್ ಕೋರ್ಟಿಗೆ ಹೋದನು. ಕಾಯದೆಯ ಮುಂದೆ ಎಲ್ಲರೂ ಸಮಾನರು ಎನ್ನುವ 14ನೆಯ ಕಲಮನ್ನು ಮುಂದಿಟ್ಟು, ವಿಶೇಷ ನ್ಯಾಯಮಂಡಲಿಯ ಪದ್ಧತಿ ಸಾಮಾನ್ಯ ಕೋರ್ಟಿನ ಪದ್ಧತಿಗಿಂತ ಬೇರೆಯಾದುದರಿಂದ ತನಗೆ ಅನ್ಯಾಯವಾಗಿದೆ ಎಂದು ವಾದಿಸಿದನು. 1953ರ ಜನವರಿಯಲ್ಲಿ ತೀರ್ಪು ಬಂದಿತು. ಐವರು ನ್ಯಾಯಾಧೀಶರಲ್ಲಿ ಮೂವರು ಅವನ ವಾದವನ್ನು ತಳ್ಳಿಹಾಕಿದರು. ವಿವಿಯನ್ ಬೋಸ್ ಮತ್ತು ಗುಲಾಂ ಹಸನ್ ಎಂಬ ಇಬ್ಬರು ಭಿನ್ನ ಅಭಿಪ್ರಾಯ ಬರೆದರು. ಭಾರತಕ್ಕೆ ಸೇರುವುದೇ ಬೇಡವೆಂದು ಸಶಸ್ತ್ರ ದಳ ಕಟ್ಟಿದವನ ಮಾತನ್ನು ಭಾರತದ ಅತಿ ದೊಡ್ಡ ಕೋರ್ಟು ಕೂತು ಕೇಳಿತು. ಐವರಲ್ಲಿ ಇಬ್ಬರು ಅದರಲ್ಲಿ ಹುರುಳಿದೆಯೆಂದರು. ಆದರೂ ಶಿಕ್ಷೆ ನಿಂತಿತು. ಗಡಿ ದಾಟಿಸಿ ಕೈತೊಳೆದುಕೊಂಡಿದ್ದರೆ ಸಾಕ್ಷಿಗಳ ಮಾತು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಮನೆ ಸುಟ್ಟುಹೋದ ಬಡವನಿಗೆ ತನ್ನ ಮಾತನ್ನು ಕೋರ್ಟು ಬರೆದುಕೊಂಡಿತೆಂಬ ಸಮಾಧಾನವೂ ಸಿಗುತ್ತಿರಲಿಲ್ಲ.

1957ರಲ್ಲಿ ಬಿಡುಗಡೆಯಾದ ರಜ್ವಿ ಕೂಡಲೇ ಪಾಕಿಸ್ತಾನಕ್ಕೆ ಹೋಗಿ 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡನು. ದೇಶ ಬಿಡುತ್ತೇನೆಂದು ಒಪ್ಪಿಕೊಂಡ ಮೇಲೆಯೇ ಅವನನ್ನು ಬಿಟ್ಟರೆಂದು ಬರೆದವರುಂಟು. ಹಾಗಾದರೆ ಅದೂ ಗಡೀಪಾರೇ ಅಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಲಿ. ಖಟ್ಲೆ, ಅಪೀಲು, ಜೈಲು ಎಲ್ಲ ಮುಗಿದ ಮೇಲೆ ಅವನು ಹೋದನೆಂಬುದನ್ನು ಮಾತ್ರ ಮರೆಯಬಾರದು.

ಅದೇ ಕಾಲದ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾಗದು. ಕಾರ್ಯಾಚರಣೆಯ ಬೆನ್ನಿಗೇ, ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಮುಸಲ್ಮಾನರು ಸೇಡಿಗೆ ಬಲಿಯಾದರು. ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದವರೆಗೆ ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ, ಅಂದರೆ ನಮ್ಮವೇ. ನಿಜಾಮರ ನೌಕರಿಗೆ ಬಂದು ನೆಲೆನಿಂತ ಅರಬರನ್ನೂ ಪಠಾಣರನ್ನೂ 'ಹೊರಗಿನವರು' ಎಂದು ಹಿಡಿದಿಟ್ಟು ದೇಶದಿಂದ ಕಳುಹಿಸುವ ಕೆಲಸವೂ ನಡೆಯಿತು. ಅವರಲ್ಲಿ ಇಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು. ಯಾರು ಹೊರಗಿನವರು ಎಂಬುದನ್ನು ಖಟ್ಲೆಯಿಲ್ಲದೆ ಅವಸರದಲ್ಲಿ ತೀರ್ಮಾನಿಸಹೊರಟರೆ ಏನಾಗುತ್ತದೆಂಬುದಕ್ಕೆ ನಾವು ಪರದೇಶದ ಉದಾಹರಣೆ ಹುಡುಕಬೇಕಾಗಿಲ್ಲ.

ಈಗ ಕಾಯದೆ ಏನು ಹೇಳುತ್ತದೆ ನೋಡೋಣ. 1955ರ ಪೌರತ್ವ ಕಾಯದೆಯ 9ನೆಯ ಕಲಮಿನಂತೆ, ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. 10ನೆಯ ಕಲಮಿನಂತೆ ಕೇಂದ್ರ ಸರಕಾರ ಪೌರತ್ವವನ್ನು ಕಿತ್ತುಕೊಳ್ಳಲೂ ಬಹುದು. ಸಂವಿಧಾನಕ್ಕೆ ನಿಷ್ಠೆಯಿಲ್ಲದೆ ನಡೆದುಕೊಳ್ಳುವುದು, ಯುದ್ಧಕಾಲದಲ್ಲಿ ಶತ್ರುವಿನೊಡನೆ ವ್ಯವಹಾರ ಮಾಡುವುದು ಮೊದಲಾದವು ಅದಕ್ಕೆ ಕಾರಣಗಳು. ಆದರೆ ಇದು ಮುಖ್ಯವಾಗಿ ನೋಂದಣಿಯಿಂದಲೋ ಅರ್ಜಿಯಿಂದಲೋ ಪೌರರಾದವರಿಗೆ ಅನ್ವಯಿಸುತ್ತದೆ. ಅಂಥವರಿಗೂ ಮೊದಲು ಲಿಖಿತ ನೋಟೀಸು ಕೊಡಬೇಕು. ಹುಟ್ಟಿನಿಂದ ಭಾರತೀಯನಾದವನ ಪೌರತ್ವವನ್ನು ಈ ಕಲಮು ಮುಟ್ಟುವುದಿಲ್ಲ. ಪರಪಕ್ಷದವರು ಕೇಳುತ್ತಿರುವುದು ಅದನ್ನೂ ಮುಟ್ಟುವ ಅಧಿಕಾರವನ್ನು.

ಬ್ರಿಟನ್ನಿನ ಸರಕಾರಕ್ಕೆ ಆ ಅಧಿಕಾರ ಇದೆ. ಲಂಡನ್ನಿನ ಶಮೀಮಾ ಬೇಗಂ ಎಂಬ ಹುಡುಗಿ 2015ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳ ವಯಸ್ಸಿನಲ್ಲಿ, ಶಾಲೆ ಬಿಟ್ಟು ಸಿರಿಯಾಕ್ಕೆ ಹೋಗಿ ಐಸಿಸ್ ಸಂಘಟನೆಯವರನ್ನು ಸೇರಿದಳು. 2019ರಲ್ಲಿ ಮಂತ್ರಿಗಳ ಒಂದು ಆದೇಶದಿಂದ ಅವಳ ಪೌರತ್ವ ರದ್ದಾಯಿತು. ತಂದೆತಾಯಿಗಳ ಮೂಲದಿಂದ ಅವಳು ಬಾಂಗ್ಲಾದೇಶದವಳು ಎಂಬುದು ಬ್ರಿಟನ್ನಿನ ವಾದ. ಅವಳು ನಮ್ಮ ಪ್ರಜೆಯೇ ಅಲ್ಲ, ಒಳಗೆ ಬಿಡುವುದಿಲ್ಲ ಎಂದು ಬಾಂಗ್ಲಾದೇಶ ಹೇಳಿತು. 2024ರಲ್ಲಿಯೂ ಅಲ್ಲಿಯ ಕೋರ್ಟು ಸರಕಾರದ ಪರವಾಗಿಯೇ ತೀರ್ಪಿತ್ತಿತು. ಅವಳು ಮಾಡಿದ್ದು ಸಣ್ಣ ತಪ್ಪಲ್ಲ. ಆದರೆ ಅವಳ ಅಪರಾಧವನ್ನು ಯಾವ ಕೋರ್ಟೂ ವಿಚಾರಣೆ ಮಾಡಿರಲಿಲ್ಲ. ಆಸ್ಟ್ರೇಲಿಯಾದ ಹೈಕೋರ್ಟಿನ ಮುಂದೆ 2022ರಲ್ಲಿ ಇಂಥದೇ ಪ್ರಶ್ನೆ ಬಂದಾಗ, ಇದು ಅಪರಾಧಕ್ಕೆ ಶಿಕ್ಷೆಯೇ ಆದುದರಿಂದ ಅದನ್ನು ವಿಧಿಸುವ ಕೆಲಸ ಕೋರ್ಟಿನದು, ಮಂತ್ರಿಯದಲ್ಲ ಎಂದು ಅದು ಹೇಳಿತು. ನಮಗೆ ಆ ಮಾತು ಹೆಚ್ಚು ಸರಿಯೆನಿಸುತ್ತದೆ.

ನಮ್ಮ ರಾಜ್ಯದ 'ತಡೀಪಾರ' ಎಲ್ಲರಿಗೂ ಪರಿಚಿತ. 1951ರ ಪೊಲೀಸ್ ಕಾಯದೆಯಂತೆ ಉಪದ್ರವಿ ಮನುಷ್ಯನನ್ನು ಹೆಚ್ಚೆಂದರೆ ಎರಡು ವರ್ಷ ಜಿಲ್ಲೆಯಿಂದ ಹೊರಗಿಡಬಹುದು. ಆದರೆ ನಿಲಂಗಾದಿಂದ ತಡೀಪಾರಾದವನಿಗೆ ಭಾಲ್ಕಿ ಎಷ್ಟು ದೂರ? ಉಮರ್ಗಾದವನಿಗೆ ಬಸವಕಲ್ಯಾಣ ಎಷ್ಟು ದೂರ? ನಮ್ಮ ಉಪದ್ರವ ಕಡಿಮೆಯಾದಷ್ಟೇ ಆಚೆಯವರದು ಹೆಚ್ಚಾಗುತ್ತದೆ. ಪೌರತ್ವ ಕಳೆದುಕೊಂಡ ಉಗ್ರಗಾಮಿಯೂ ಹಾಗೆಯೇ. ಅವನ ಬಂದೂಕು ಹೋಗಲಿಲ್ಲ, ಹೋದದ್ದು ಪಾಸ್‌ಪೋರ್ಟು ಮಾತ್ರ. ಯಾವುದೋ ಬಡ ದೇಶದ ಶಿಬಿರ ಅವನನ್ನು ಸಾಕಬೇಕು, ಕಾಯಬೇಕು.

ಇನ್ನೂ ಒಂದು ತೊಡಕಿದೆ. ಭಾರತದ ಪೌರನು ಲೋಕದ ಯಾವ ಮೂಲೆಯಲ್ಲಿ ಅಪರಾಧ ಮಾಡಿದರೂ ಅವನನ್ನು ಇಲ್ಲಿ ವಿಚಾರಣೆ ಮಾಡಬಹುದೆಂಬ ನಿಯಮ 1860ರ ದಂಡಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅವನನ್ನು ಎಳೆದು ತರಲು ನಮ್ಮ ಕೈಯಲ್ಲಿರುವ ಹಗ್ಗಗಳಲ್ಲಿ ಪೌರತ್ವವೂ ಒಂದು. 2014ರಲ್ಲಿ ಕಲ್ಯಾಣದಿಂದ (ಬಸವಣ್ಣನವರ ಕಲ್ಯಾಣವಲ್ಲ, ಮುಂಬಯಿಯ ಬಳಿಯದು) ನಾಲ್ವರು ತರುಣರು ಇರಾಕಿಗೆ ಹೋಗಿ ಐಸಿಸ್ ಸೇರಿದರೆಂಬ ಸುದ್ದಿ ನಾಡನ್ನೇ ತಲ್ಲಣಗೊಳಿಸಿತು. ಅದೇ ವರ್ಷ ನವೆಂಬರಿನಲ್ಲಿ ಒಬ್ಬನು ಮರಳಿ ಬಂದಾಗ ರಾಷ್ಟ್ರೀಯ ತನಿಖಾ ದಳ ಅವನನ್ನು ಬಂಧಿಸಿ ಖಟ್ಲೆ ಹೂಡಿತು. ಅಲ್ಲಿಗೆ ಕಳುಹಿಸಿದವರು ಯಾರು, ಹಣ ಕೊಟ್ಟವರು ಯಾರು ಎಂದು ಕೇಳಲು ಒಬ್ಬ ಮನುಷ್ಯನಾದರೂ ಸಿಕ್ಕಿದನು. 2016ರಲ್ಲಿ ಕಾಸರಗೋಡು ಜಿಲ್ಲೆಯಿಂದಲೂ ಪಾಲಕ್ಕಾಡಿನಿಂದಲೂ ಸುಮಾರು ಇಪ್ಪತ್ತು ಜನ ಅಫಘಾನಿಸ್ತಾನಕ್ಕೆ ಹೋದರು. ಗಂಡಂದಿರು ಸತ್ತ ಬಳಿಕ ಕೇರಳದ ಕೆಲವು ಹೆಂಗಸರು ಮಕ್ಕಳೊಡನೆ ಕಾಬೂಲಿನ ಜೈಲು ಸೇರಿದರು. ಅವರಲ್ಲಿ ಒಬ್ಬಳ ತಂದೆ, ಮಗಳನ್ನೂ ಮೊಮ್ಮಗಳನ್ನೂ ಕರೆತರಬೇಕೆಂದು ಸುಪ್ರೀಮ್ ಕೋರ್ಟಿಗೆ ಅರ್ಜಿ ಹಾಕಿದರು. ಎಂಟು ವಾರಗಳಲ್ಲಿ ತೀರ್ಮಾನ ಕೈಗೊಳ್ಳಿರೆಂದು ಕೋರ್ಟು 2022ರ ಜನವರಿಯಲ್ಲಿ ಕೇಂದ್ರ ಸರಕಾರಕ್ಕೆ ಹೇಳಿತು. ಮಗಳು ತಪ್ಪು ಮಾಡಿದ್ದರೆ ಇಲ್ಲಿಯ ಕಾಯದೆಯಂತೆ ವಿಚಾರಣೆಯಾಗಲಿ ಎಂಬುದೇ ಆ ತಂದೆಯ ನಿಲುವು. ಪಾಲಕರು ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು.

ಕೊನೆಯದಾಗಿ ನಮ್ಮ ಮನೆಗಳ ಮಾತು. 1945ರಲ್ಲಿ ನಿಲಂಗಾ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿದ ಅಜ್ಜಿಯೊಬ್ಬರನ್ನು ತೆಗೆದುಕೊಳ್ಳೋಣ. ಹುಟ್ಟಿದಾಗ ನಿಜಾಮರ ಪ್ರಜೆ, ಬೀದರ ಜಿಲ್ಲೆ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಹೋಯಿತು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ. ಅಜ್ಜಿ ಮನೆಯ ಹೊಸ್ತಿಲು ದಾಟದಿದ್ದರೂ ಅವರ ವಿಳಾಸ ಇಷ್ಟು ಸಲ ಬದಲಾಯಿತು. ಮನೆಯ ಹಳೆಯ ಹೊಲದ ಕಾಗದ ಉರ್ದುವಿನಲ್ಲಿ, ಇಂದಿನ ಸಾತ್-ಬಾರಾ ಮರಾಠಿಯಲ್ಲಿ, ಮನೆಮಾತು ಕನ್ನಡ. ಒಂದು ಕಾಗದದ ಹೆಸರು ಇನ್ನೊಂದರ ಹೆಸರಿಗೆ ಹೊಂದದಿರುವುದು ನಮ್ಮಲ್ಲಿ ದಿನನಿತ್ಯದ ಅನುಭವ. ಇವರೆಲ್ಲರ ಪೌರತ್ವ ನಿಂತಿರುವುದು ಈ ನೆಲದಲ್ಲಿ ಹುಟ್ಟಿ ಬಾಳಿದರೆಂಬ ಒಂದೇ ಸಂಗತಿಯ ಮೇಲೆ. ಹುಟ್ಟಿನ ಪೌರತ್ವವನ್ನು ಅಧಿಕಾರಿಯ ಸಂಶಯದ ಮೇಲೆ ಕಿತ್ತುಕೊಳ್ಳಬಹುದೆಂದು ಒಮ್ಮೆ ಒಪ್ಪಿದರೆ, ಮೊದಲು ಕಾಗದ ಕೇಳುವುದು ಯಾರನ್ನು? ಇನ್ನು 2004ರ ಡಿಸೆಂಬರ್ 3ರ ನಂತರ ಹುಟ್ಟಿದವರು, ಅಂದರೆ ಇಂದು ನಮ್ಮ ಶಾಲೆಯಲ್ಲಿ ಓದುತ್ತಿರುವ ಎಲ್ಲ ಮಕ್ಕಳೂ, ಇಲ್ಲಿ ಹುಟ್ಟಿದರಷ್ಟೇ ಪೌರರಾಗುವುದಿಲ್ಲ. ತಂದೆತಾಯಿಗಳ ಪೌರತ್ವವನ್ನೂ ಕಾಯದೆ ನೋಡುತ್ತದೆ.

ಚರ್ಚಾಕೂಟಕ್ಕೆ ಬರುವವರು, ಯಾವ ಪಕ್ಷದವರೇ ಇರಲಿ, ಸಂವಿಧಾನದ 14, 19, 20, 21ನೆಯ ಕಲಮುಗಳನ್ನು ಓದಿಕೊಂಡು ಬರಬೇಕು. ಎಲ್ಲಿ 'ನಾಗರಿಕ' ಎಂದಿದೆ, ಎಲ್ಲಿ ಬರಿದೆ 'ವ್ಯಕ್ತಿ' ಎಂದಿದೆ ಎಂಬುದನ್ನು ಪೆನ್ಸಿಲಿನಿಂದ ಗುರುತುಮಾಡಿಕೊಳ್ಳಿರಿ. ರಜ್ವಿ ಹಿಡಿದುಕೊಂಡು ಹೋದ ಕಲಮಿನಲ್ಲಿ ಯಾವ ಶಬ್ದವಿದೆಯೆಂದು ನಾವು ಮೊದಲು ಕೇಳಲಿದ್ದೇವೆ.