ಆಯುಧವಿಲ್ಲದವರಿಗೆ ಒಂದು ಅಂಕಣ: ಗೋವಾ 1961ರ ಘಟಕವನ್ನು ಚರ್ಚಾವಿಧಾನದಲ್ಲಿ ಬೋಧಿಸಿದ ಅನುಭವ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಸ್ವಾತಂತ್ರ್ಯೋತ್ತರ ಭಾರತದ ಭಾಗವಾಗಿ ಗೋವಾ ವಿಮೋಚನೆ ಬರುತ್ತದೆ. ಪಠ್ಯದಲ್ಲಿ ಅದಕ್ಕೆ ಸಿಗುವುದು ಕೆಲವೇ ಸಾಲು. ಬೇರೆ ಜಿಲ್ಲೆಯಲ್ಲಿ ಅಷ್ಟೇ ಸಾಕಾಗಬಹುದು. ಗಡಿಗೆ ಅಂಟಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಸಾಲದು. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿಯ ಗಡಿ ಕಳೆದರೆ ಗೋವೆ. ಬಿಣಗಾದ ಕಡೆಯಿಂದ ಸಮುದ್ರ ನೋಡಿದರೆ ಅಂಜದೀವ್ ದ್ವೀಪ ಕಾಣುತ್ತದೆ. ಅದು ನಮ್ಮ ದಂಡೆಗೆ ಹತ್ತಿರವಿದ್ದರೂ ಆಡಳಿತದಲ್ಲಿ ಗೋವೆಗೆ ಸೇರಿದ್ದು. ಮೂರನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲಿ ಈ ಘಟಕವನ್ನು ಮೊದಲು ಅಂಕೋಲಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ, ಅನಂತರ ಕಾರವಾರದ ಇನ್ನೊಂದರಲ್ಲಿ, ತಲಾ ಮೂರು ಅವಧಿಗಳಂತೆ ಬೋಧಿಸಿದೆ. ಸೇನಾ ಕಾರ್ಯಾಚರಣೆಯಂಥ ವಿಷಯವನ್ನು ಚರ್ಚೆಗೆ ಇಡುವಾಗ ಪಾಠವನ್ನು ಹೇಗೆ ಕಟ್ಟಬೇಕು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ವಿಧಾನದ ಆಯ್ಕೆ

ನಮ್ಮ ಶಾಲೆಗಳಲ್ಲಿ ಚರ್ಚೆ ಎಂದರೆ ಚರ್ಚಾಸ್ಪರ್ಧೆ. ಪರ ಒಬ್ಬರು, ವಿರೋಧ ಒಬ್ಬರು, ಕೊನೆಗೆ ಬಹುಮಾನ. ‘ಗೋವಾ ಕಾರ್ಯಾಚರಣೆ ಸರಿಯೇ?’ ಎಂಬ ಪ್ರಶ್ನೆಯನ್ನು ಈ ಚೌಕಟ್ಟಿಗೆ ಹಾಕಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಪರ ಮಾತಾಡುವವನು ದೇಶಭಕ್ತನಾಗುತ್ತಾನೆ, ವಿರೋಧ ಮಾತಾಡುವವನು ಪಾತ್ರ ಮಾಡುತ್ತಾನೆ. ಎರಡು ರಾಷ್ಟ್ರಗಳು ವಾದಿಸುತ್ತವೆ. ನಡುವೆ ಬದುಕಿದ್ದ ಜನ ಮಾತಿನಲ್ಲಿ ಬರುವುದೇ ಇಲ್ಲ. ಹೀಗಾಗಿ ಸ್ಪರ್ಧೆಯ ಬದಲು ಗುಂಪು ಅಧ್ಯಯನವನ್ನು ಆಯ್ದುಕೊಂಡೆ. ಪ್ರತಿ ಗುಂಪಿಗೂ ಒಂದು ಘಟನೆಯ ಕಾರ್ಡು ಕೊಟ್ಟೆ. ಎಲ್ಲ ಗುಂಪುಗಳೂ ಉತ್ತರಿಸಬೇಕಾದದ್ದು ಇವೇ ನಾಲ್ಕು ಪ್ರಶ್ನೆ:

1. ಬಲ ಬಳಸಿದವರು ಯಾರು? ಅವರು ಕೊಟ್ಟ ಕಾರಣವೇನು?
2. ಅದಕ್ಕೆ ಮೊದಲು ಬೇರೆ ಯಾವ ದಾರಿಯನ್ನು ಎಷ್ಟು ಕಾಲ ಪ್ರಯತ್ನಿಸಲಾಗಿತ್ತು?
3. ಆಯುಧವಿಲ್ಲದವರಿಗೆ ಏನಾಯಿತು?
4. ಆಮೇಲೆ ಅಲ್ಲಿನ ಜನರ ಅಭಿಪ್ರಾಯವನ್ನು ಯಾರಾದರೂ ಕೇಳಿದರೇ?

ಮೂರನೆಯ ಪ್ರಶ್ನೆಯಲ್ಲಿ ‘ನಾಗರಿಕರು’ ಎಂಬ ಪದವನ್ನು ಬೇಕೆಂದೇ ಬಳಸಲಿಲ್ಲ. ಪೌರನೀತಿಯ ಪಾಠದಲ್ಲಿ ಮಕ್ಕಳು ‘ನಾಗರಿಕ’ ಎಂದರೆ ಒಂದು ದೇಶದ ಪೌರತ್ವ ಹೊಂದಿದವನು ಎಂದು ಕಲಿತಿರುತ್ತಾರೆ. ಯುದ್ಧದ ವರದಿಯಲ್ಲಿ ಅದೇ ಪದಕ್ಕೆ ಸೈನಿಕನಲ್ಲದವನು ಎಂಬ ಅರ್ಥ. 1961ರ ಗೋವೆಯ ಜನ ಮೊದಲ ಅರ್ಥದಲ್ಲಿ ಭಾರತದ ನಾಗರಿಕರಲ್ಲ, ಎರಡನೆಯ ಅರ್ಥದಲ್ಲಿ ನಾಗರಿಕರೇ. ‘ಆಯುಧವಿಲ್ಲದವರು’ ಎಂದರೆ ಈ ಗೊಂದಲ ಹುಟ್ಟುವುದಿಲ್ಲ.

ಕಾರ್ಡುಗಳ ಸಾರ

ಒಂದು: ಸತ್ಯಾಗ್ರಹ. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಸಾರ್ವಜನಿಕವಾಗಿ ಮಾತನಾಡಲು ನಿಂತು ಬಂಧಿತರಾದರು. 1955ರ ಆಗಸ್ಟ್ 15ರಂದು ಸಾವಿರಾರು ನಿರಾಯುಧ ಸತ್ಯಾಗ್ರಹಿಗಳು ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಎರಡು: ದಿಗ್ಬಂಧನ. ಅದೇ ವರ್ಷ ಭಾರತ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಬಿಗಿಗೊಳಿಸಿತು. ರೈಲು ಸಂಪರ್ಕ ಕಡಿಯಿತು. ಮುಂಬಯಿಯಲ್ಲಿ ದುಡಿಯುವ ಗೋವೆಯವರಿಗೆ ಊರಿಗೆ ಹಣ ಕಳಿಸುವುದೂ ಬಂದುಹೋಗುವುದೂ ಕಷ್ಟವಾಯಿತು. ಗೋವೆ ತನ್ನ ದಿನಬಳಕೆಯ ಸಾಮಾನನ್ನು ದೂರದೇಶಗಳಿಂದ ಹಡಗಿನಲ್ಲಿ ತರಿಸಿಕೊಳ್ಳಬೇಕಾಯಿತು.

ಮೂರು: ಅಂಜದೀವ್. 1961ರ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸ್ ಕಾವಲು ಪಡೆ ಹತ್ತಿರ ಹಾಯುತ್ತಿದ್ದ ‘ಸಾಬರಮತಿ’ ಸ್ಟೀಮರಿನ ಮೇಲೆ ಗುಂಡು ಹಾರಿಸಿತು. ಹಡಗಿನ ಎಂಜಿನಿಯರ್ ಗಾಯಗೊಂಡರು. ಅದೇ ತಿಂಗಳು ಮೀನುಗಾರಿಕೆ ದೋಣಿಯ ಮೇಲೂ ಗುಂಡು ಬಿದ್ದು ಒಬ್ಬ ಮೀನುಗಾರ ಪ್ರಾಣ ಕಳೆದುಕೊಂಡ.

ನಾಲ್ಕು: ಆಪರೇಷನ್ ವಿಜಯ್. ಡಿಸೆಂಬರ್ 18ರಂದು ಭೂ, ವಾಯು, ನೌಕಾ ಪಡೆಗಳು ಒಟ್ಟಾಗಿ ಕಾರ್ಯಾಚರಣೆ ಆರಂಭಿಸಿದವು. ದಾಬೋಳಿಯ ಓಡುಪಥಕ್ಕೆ ಬಾಂಬು ಬಿತ್ತು. ಹಿಂದೆ ಸರಿಯುತ್ತ ಪೋರ್ಚುಗೀಸರು ಸೇತುವೆಗಳನ್ನು ಉಡಾಯಿಸಿದರು. ಅಂಜದೀವ್‌ನಲ್ಲಿ ಇಳಿದ ನೌಕಾಪಡೆಯ 7 ನಾವಿಕರು ಮಡಿದರು. 19ರ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು. ಕೊನೆಯವರೆಗೂ ಹೋರಾಡಬೇಕು, ಶರಣಾಗಬಾರದು ಎಂದು ಲಿಸ್ಬನ್ನಿನಿಂದ ಸಲಜಾರ್ ಕಳಿಸಿದ್ದ ಆದೇಶವನ್ನು ಅವರು ಪಾಲಿಸಲಿಲ್ಲ. ಅದಕ್ಕಾಗಿ ಮುಂದೆ ತಮ್ಮ ದೇಶದಲ್ಲಿ ಶಿಕ್ಷೆ ಅನುಭವಿಸಿದರು.

ಐದು: ಜಗತ್ತಿನ ವಾದ. ಡಿಸೆಂಬರ್ 18ರಂದೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೇರಿತು. ಅಮೆರಿಕದ ಅಡ್ಲೈ ಸ್ಟೀವನ್‌ಸನ್, ಬಲಪ್ರಯೋಗ ಸನ್ನದಿಗೆ ವಿರುದ್ಧ ಎಂದು ವಾದಿಸಿದರು. ವಸಾಹತುಶಾಹಿಯೇ ನಿರಂತರ ಆಕ್ರಮಣ ಎಂಬುದು ಭಾರತದ ಪ್ರತಿನಿಧಿ ಸಿ. ಎಸ್. ಝಾ ಅವರ ವಾದದ ತಿರುಳು. ಸೇನೆ ಹಿಂದೆಗೆಯಬೇಕೆಂಬ ನಿರ್ಣಯಕ್ಕೆ 7 ಮತ ಪರ, 4 ವಿರುದ್ಧ ಬಿದ್ದವು. ವಿರುದ್ಧ ಬಿದ್ದವುಗಳಲ್ಲಿ ಸೋವಿಯತ್ ಒಕ್ಕೂಟದ ವಿಟೋ ಇತ್ತು. ಉಳಿದ ಮೂರು ಸಿಲೋನ್, ಲೈಬೀರಿಯಾ ಮತ್ತು ಸಂಯುಕ್ತ ಅರಬ್ ಗಣರಾಜ್ಯದ್ದು. ದೇಶದೊಳಗೂ ಒಮ್ಮತವಿರಲಿಲ್ಲ. ರಾಜಾಜಿ ಈ ಬಲಪ್ರಯೋಗವನ್ನು ಬಹಿರಂಗವಾಗಿ ಟೀಕಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯ ವಿಚಾರಸಂಕಿರಣಕ್ಕೆ ಬಂದಿದ್ದ ಆಫ್ರಿಕಾದ ನಾಯಕರದು ತದ್ವಿರುದ್ಧ ಒತ್ತಾಯ: ಭಾರತ ಇನ್ನೂ ಕಾಯುತ್ತಿರುವುದೇಕೆ?

ಆರು: ಆಮೇಲೆ. 1967ರ ಜನವರಿ 16ರಂದು ಗೋವೆಯಲ್ಲಿ ಜನಮತಗಣನೆ ನಡೆಯಿತು. ಮಹಾರಾಷ್ಟ್ರದೊಂದಿಗೆ ವಿಲೀನ ಬೇಡವೆಂದು ಜನ ತೀರ್ಪಿತ್ತರು. 1974ರ ಕೊನೆಗೆ ಪೋರ್ಚುಗಲ್ ಭಾರತದ ಸಾರ್ವಭೌಮತ್ವವನ್ನು ಒಪ್ಪಿತು. 1987ರ ಮೇ 30ರಂದು ಗೋವೆ ರಾಜ್ಯವಾಯಿತು.

ಅಂಕೋಲಾದ ತರಗತಿ

ಅಂಕೋಲೆಯ ಮಕ್ಕಳ ಪೂರ್ವಜ್ಞಾನ ಉಪ್ಪಿನ ಸತ್ಯಾಗ್ರಹ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪು ತಯಾರಿಸಿದ್ದು, ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡದ್ದು, ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಅವರಿಗೆ ಬಾಯಿಪಾಠ. ಹೀಗಾಗಿ ಮೊದಲ ಕಾರ್ಡಿನ ಗುಂಪಿನಿಂದಲೇ ಪ್ರಶ್ನೆ ಬಂತು.

“ಅಕ್ಕೋರೆ, ನಮ್ಮೂರವರು ಗುಂಡು ಹಾರಿಸದೆ ಬ್ರಿಟಿಷರನ್ನ ಎದುರಿಸಿದ್ರಲ್ಲ. ಗೋವಾದಲ್ಲಿ ಅದೇ ಯಾಕೆ ಆಗ್ಲಿಲ್ಲ?”

ಉತ್ತರವನ್ನು ನಾನು ಹೇಳದೆ ಎರಡನೆಯ ಪ್ರಶ್ನೆಯನ್ನು ನೆನಪಿಸಿದೆ: ಬೇರೆ ದಾರಿ ಎಷ್ಟು ಕಾಲ ಪ್ರಯತ್ನಿಸಲಾಗಿತ್ತು? ಗುಂಪು ಲೆಕ್ಕ ಹಾಕಿತು. ಭಾರತ ಸ್ವತಂತ್ರವಾಗಿ 14 ವರ್ಷ, ಲೋಹಿಯಾ ಸಭೆಯಿಂದ 15 ವರ್ಷ. ಸಲಜಾರ್ 1932ರಿಂದ ಪ್ರಧಾನಿಯಾಗಿದ್ದ ಸರ್ವಾಧಿಕಾರಿ ಎಂಬ ಒಂದು ಸಾಲಿನ ಪೂರಕ ಮಾಹಿತಿ ಕೊಟ್ಟೆ. ಒಬ್ಬ ಹುಡುಗಿ ಅದನ್ನು ಹಿಡಿದು ಹೇಳಿದಳು: “ಲಂಡನ್ನಿನ ಪೇಪರಿನಲ್ಲಿ ಗಾಂಧೀಜಿ ಸುದ್ದಿ ಬರ್ತಿತ್ತು. ಲಿಸ್ಬನ್ನಿನ ಪೇಪರಿನಲ್ಲಿ ಸರ್ಕಾರಕ್ಕೆ ಬೇಡಾದ ಸುದ್ದಿ ಬರ್ತಿರಲಿಲ್ಲ ಅಲ್ವಾ?” ಸತ್ಯಾಗ್ರಹ ಯಾರ ಮನಸ್ಸನ್ನು ಮುಟ್ಟಲು ನಡೆಯುತ್ತದೆ, ಆ ಮನಸ್ಸಿಗೆ ಸುದ್ದಿ ತಲುಪದಿದ್ದರೆ ಏನಾಗುತ್ತದೆ ಎಂಬ ಚರ್ಚೆ ಹದಿನೈದು ನಿಮಿಷ ನಡೆಯಿತು. ಆದರೂ ಪ್ರಶ್ನೆ ಕೇಳಿದ ಹುಡುಗ ಪೂರ್ತಿ ಒಪ್ಪಲಿಲ್ಲ. 1955ರ ನಂತರ ಇನ್ನೊಮ್ಮೆ ಅಷ್ಟು ದೊಡ್ಡ ಸತ್ಯಾಗ್ರಹ ನಡೆಸಬಹುದಿತ್ತು ಎಂದು ತನ್ನ ಹಾಳೆಯಲ್ಲಿ ಬರೆದ. ರಾಜಾಜಿಯವರ ಟೀಕೆಯ ಕಾರ್ಡು ಆ ಹೊತ್ತಿಗೆ ಬೇರೆ ಗುಂಪಿನ ಕೈಯಲ್ಲಿತ್ತು. ಅದು ಬಂದಾಗ ಅವನಿಗೆ ತಾನು ಒಬ್ಬಂಟಿಯಲ್ಲವೆಂದು ತಿಳಿಯಿತು.

ಕಾರವಾರದ ತರಗತಿ

ಇಲ್ಲಿ ಚಿತ್ರವೇ ಬೇರೆ. ಒಂದೇ ಸಾಲಿನಲ್ಲಿ ನೌಕಾನೆಲೆಯ ಸಿಬ್ಬಂದಿಯ ಮಕ್ಕಳು, ಸೀಬರ್ಡ್ ಯೋಜನೆಗೆ ಮನೆ-ಗದ್ದೆ ಬಿಟ್ಟುಕೊಟ್ಟ ಕುಟುಂಬದ ಮಕ್ಕಳು, ಮೀನುಗಾರರ ಮಕ್ಕಳು, ಗೋವೆಯಲ್ಲಿ ನೆಂಟರಿರುವ ಕೊಂಕಣಿ ಮಾತಿನ ಮಕ್ಕಳು ಕೂತಿರುತ್ತಾರೆ. ಇವರ ಮುಂದೆ ‘ಸೇನೆ’ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ಅಂಜದೀವ್ ಈಗ ನೌಕಾನೆಲೆಯ ಭಾಗ, ಹೋಗಿ ತೋರಿಸುವಂತಿಲ್ಲ. ನಕ್ಷೆಯಲ್ಲಿ ದ್ವೀಪ, ಬಿಣಗಾ, ಅರ್ಗಾಗಳ ಅಂತರವನ್ನು ದಾರದಿಂದ ಅಳೆಯಿಸಿದೆ. ಆ ಚಿಕ್ಕ ದಾರವೇ ಮೂರನೆಯ ಕಾರ್ಡಿನ ಅರ್ಥ ಹೇಳಿತು: ಬಲೆ ಬೀಸುವ ನೀರೂ ಬಂದೂಕಿನ ಗುರಿಯೂ ಒಂದೇ ಕಡೆ ಇದ್ದವು.

ಎರಡನೆಯ ಕಾರ್ಡಿನ ಹೊತ್ತಿಗೆ ಒಬ್ಬಳು ಹುಡುಗಿ ಎದ್ದು, ತನ್ನ ಅಜ್ಜಿಯ ತವರು ಕಾಣಕೋಣವೆಂದೂ, ಆಗ ತವರಿಗೆ ಹೋಗಿಬರಲು ಪರವಾನಿಗೆ ಬೇಕಾಗುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದರೆಂದೂ ತಿಳಿಸಿದಳು. ಅದನ್ನು ಮೂರನೆಯ ಅಂಕಣದಲ್ಲಿ ಬರೆಯಲು ಗುಂಪು ಹೊರಟಾಗ ಇನ್ನೊಬ್ಬ ವಿದ್ಯಾರ್ಥಿ ತಡೆದ.

“ದಿಗ್ಬಂಧನ ಹಾಕಿದ್ದು ನಾವು. ನಮ್ಮ ತಪ್ಪನ್ನ ನಾವೇ ಬರೀಬೇಕಾ ಟೀಚರ್?”

ಇಡೀ ಘಟಕದ ಅತಿ ಮುಖ್ಯ ಕ್ಷಣ ಇದು. ಹುಡುಗನ ದನಿಯಲ್ಲಿ ಉದ್ಧಟತನವಿರಲಿಲ್ಲ, ನಿಜವಾದ ಅಳುಕಿತ್ತು. ನಾನು ಹೇಳಿದ್ದು ಇಷ್ಟು: “ತಪ್ಪು ಅಂತ ಬರೀಬೇಡ. ಏನಾಯಿತು ಅಂತ ಮಾತ್ರ ಬರಿ. ಸರಿಯೋ ತಪ್ಪೋ ಅಂತ ನಾಲ್ಕೂ ಅಂಕಣ ತುಂಬಿದ ಮೇಲೆ ನೀನೇ ನೋಡು.” ಅವನು ಬರೆದ. ಮುಂದಿನ ಅವಧಿಯಲ್ಲಿ ಅದೇ ಹುಡುಗ ವಸ್ಸಾಲೊ ಇ ಸಿಲ್ವಾ ಶರಣಾಗತಿಯನ್ನು ಮೂರನೆಯ ಅಂಕಣದಲ್ಲಿ ಸೇರಿಸಬೇಕೆಂದು ವಾದಿಸಿದ: ಆತ ಆದೇಶ ಪಾಲಿಸಿದ್ದರೆ ಪಣಜಿಯ ಬೀದಿಯಲ್ಲಿ ಸಾಯುತ್ತಿದ್ದವರು ಆಯುಧವಿಲ್ಲದವರೇ ಎಂಬುದು ಅವನ ಕಾರಣ. ನಮ್ಮ ಕಡೆಯಿಂದ ಆದದ್ದನ್ನು ಬರೆಯಲು ಕಲಿತವನಿಗೆ ಎದುರು ಪಕ್ಷದವನ ವಿವೇಕವನ್ನು ಗುರುತಿಸುವುದೂ ಸುಲಭವಾಗಿತ್ತು.

ಕಪ್ಪುಹಲಗೆಯ ಮೇಲೆ ಸಾವಿನ ಲೆಕ್ಕ ಬರೆದಾಗ ಇನ್ನೊಂದು ವಿಷಯ ಹೊರಬಿತ್ತು. ಸಾಮಾನ್ಯವಾಗಿ ಉಲ್ಲೇಖಿಸುವ ಸಂಖ್ಯೆಗಳು ಭಾರತದ ಕಡೆ 22, ಪೋರ್ಚುಗಲ್ ಕಡೆ 30. ಎರಡೂ ಪಡೆಗಳ ಲೆಕ್ಕ. “ಊರಿನವರದ್ದು ಎಲ್ಲಿ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಯುದ್ಧದ ಪಟ್ಟಿಗಳು ಸೈನಿಕರಿಗಾಗಿ ಗೆರೆ ಹಾಕಿಕೊಂಡಿರುತ್ತವೆ. ನವೆಂಬರಿನಲ್ಲಿ ಸತ್ತ ಮೀನುಗಾರ ಡಿಸೆಂಬರಿನ ಆ ಎರಡು ಸಂಖ್ಯೆಗಳಲ್ಲಿ ಯಾವುದರಲ್ಲೂ ಇಲ್ಲ. ನಮ್ಮ ಮೂರನೆಯ ಅಂಕಣ ಯಾಕೆ ಬೇಕೆಂದು ಅನಂತರ ನಾನು ವಿವರಿಸಬೇಕಾಗಲಿಲ್ಲ.

ನಾಲ್ಕನೆಯ ಪ್ರಶ್ನೆಗೆ ‘ಹೌದು, 1967ರಲ್ಲಿ ಕೇಳಿದರು’ ಎಂದು ಬಹುತೇಕರು ಬರೆದರು. ಅಂದು ಕೇಳಿದ್ದು ಮಹಾರಾಷ್ಟ್ರಕ್ಕೆ ಸೇರಬೇಕೋ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೋ ಎಂದು. ಭಾರತಕ್ಕೆ ಸೇರಬೇಕೇ ಎಂದಲ್ಲ. ಈ ವ್ಯತ್ಯಾಸವನ್ನು ಇಬ್ಬರು ಮಾತ್ರ ಗಮನಿಸಿದರು. ಇನ್ನೊಂದು ಗುಂಪು ಅದಕ್ಕೆ ಉತ್ತರವನ್ನೂ ಹುಡುಕಿತು: ಪೋರ್ಚುಗೀಸರು ನಾಲ್ಕೂವರೆ ಶತಮಾನದಲ್ಲಿ ಒಮ್ಮೆಯೂ ಇಂಥ ಪ್ರಶ್ನೆ ಕೇಳಲಿಲ್ಲ.

ಮೂರನೆಯ ಅವಧಿ: ಬೇರೆ ಸಂದರ್ಭಕ್ಕೆ ಅನ್ವಯ

ನಾಲ್ಕು ಪ್ರಶ್ನೆಗಳು ಗೋವೆಗೆ ಮಾತ್ರ ಹೊಂದುವಂತಿದ್ದರೆ ಅದು ಕಲಿಕೆಯಲ್ಲ. ಅನ್ವಯಕ್ಕೆ 2003ರ ಇರಾಕ್ ಯುದ್ಧವನ್ನು ಆಯ್ದೆ. ಮಾರ್ಚ್ 20ರಂದು ಅಮೆರಿಕ ಮತ್ತು ಮಿತ್ರದೇಶಗಳು ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಯುದ್ಧ ಆರಂಭಿಸಿದವು. ಕಾರಣವಾಗಿ ಹೇಳಿದ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ಏಪ್ರಿಲ್ 8ರಂದು ನಮ್ಮ ಲೋಕಸಭೆ ಒಮ್ಮತದ ನಿರ್ಣಯ ಅಂಗೀಕರಿಸಿತು. ಅದಕ್ಕೂ ಮೊದಲು ಒಂದು ಪದಕ್ಕಾಗಿ ಜಗ್ಗಾಟ ನಡೆದಿತ್ತು. ವಿರೋಧ ಪಕ್ಷಗಳಿಗೆ ‘ಕಂಡೆಮ್’ ಎಂಬ ಕಠಿಣ ಪದ ಬೇಕಿತ್ತು. ಕೊನೆಗೆ ಹಿಂದಿ ಪಾಠದಲ್ಲಿ ‘ನಿಂದಾ’, ಇಂಗ್ಲಿಷ್‌ನಲ್ಲಿ ‘ಡಿಪ್ಲೋರ್’ ಎಂದಾಯಿತು. ಮಕ್ಕಳಿಗೆ ಕನ್ನಡ ಪದ ಹುಡುಕಲು ಹೇಳಿದೆ. ‘ಖಂಡಿಸುತ್ತದೆ’, ‘ವಿಷಾದಿಸುತ್ತದೆ’, ‘ವಿರೋಧಿಸುತ್ತದೆ’ ಎಂಬ ಮೂರೂ ಬಂದವು; ಒಂದೊಂದು ಪದಕ್ಕೂ ಸಂಬಂಧ ಎಷ್ಟು ಕೆಡುತ್ತದೆ, ಸತ್ತವರಿಗೆ ಎಷ್ಟು ನ್ಯಾಯ ಸಲ್ಲುತ್ತದೆ ಎಂದು ತೂಗಿದರು. ಅಲ್ಲಿಂದ ಅವರೇ ಗೋವೆಗೆ ಮರಳಿದರು. ಒಂದೇ ಘಟನೆಗೆ ‘ವಿಮೋಚನೆ’, ‘ಆಕ್ರಮಣ’, ‘ಕಾರ್ಯಾಚರಣೆ’ ಎಂಬ ಮೂರು ಹೆಸರಿರುವಾಗ, ಹೆಸರನ್ನು ಮೊದಲು ಆರಿಸಿದರೆ ತೀರ್ಪೂ ಮೊದಲೇ ಆಗಿಹೋಗುತ್ತದೆ ಎಂದು ಒಂದು ಗುಂಪು ಬರೆಯಿತು.

ಮೌಲ್ಯಮಾಪನ

ಪ್ರತಿ ವಿದ್ಯಾರ್ಥಿಯೂ ಹತ್ತು ಸಾಲಿನ ತೀರ್ಪು ಬರೆಯಬೇಕಿತ್ತು. 10 ಅಂಕಗಳನ್ನು ಹೀಗೆ ಹಂಚಿದೆ: ತೀರ್ಪಿಗೆ ಕಾರಣ 3, ಕಾರ್ಡಿನಿಂದ ಆಧಾರ 3, ತನ್ನ ತೀರ್ಪಿಗೆ ವಿರುದ್ಧ ಹೋಗುವ ಒಂದು ಸಂಗತಿಯನ್ನು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ 4. ತೀರ್ಪು ಯಾವುದೆಂಬುದಕ್ಕೆ ಅಂಕವಿಲ್ಲ. ಎರಡೂ ಶಾಲೆಗಳಲ್ಲಿ ಹೆಚ್ಚಿನವರು 1961ರ ಕ್ರಮವನ್ನು ಸಮರ್ಥಿಸಿದರು. ಸಮರ್ಥಿಸುತ್ತಲೇ ದಿಗ್ಬಂಧನದ ಕಷ್ಟವನ್ನೋ ಸನ್ನದಿನ ಆಕ್ಷೇಪವನ್ನೋ ದಾಖಲಿಸಿದರು. ವಿರೋಧಿಸಿದ ಕೆಲವರು ಅಂಜದೀವ್‌ನ ಮೀನುಗಾರನನ್ನು ಮರೆಯಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕ ತೆಗೆದುಕೊಳ್ಳುವವರು ಮೊದಲು ತರಗತಿಯ ಕುಟುಂಬಗಳ ಹಿನ್ನೆಲೆಯನ್ನು ಮಾರ್ಗದರ್ಶಕ ಶಿಕ್ಷಕರಿಂದ ತಿಳಿದುಕೊಳ್ಳಿ. ಮನೆಯ ನೆನಪುಗಳು ತಾವಾಗಿ ಬಂದರೆ ಬರೆದುಕೊಳ್ಳಿ, ಯಾರನ್ನೂ ಎಬ್ಬಿಸಿ ಕೇಳಬೇಡಿ. ಒಂದೇ ಅವಧಿಯಲ್ಲಿ ಮುಗಿಸುವ ಒತ್ತಡವಿದ್ದರೆ ಒಂದು, ಎರಡು ಮತ್ತು ಮೂರನೆಯ ಕಾರ್ಡುಗಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಓದಲು ಕೊಡಿ. ಈ ಮೂರರಲ್ಲೂ ನೋವುಂಡವರು ಆಯುಧವಿಲ್ಲದವರೇ, ಆದರೆ ಬಲ ಬಳಸಿದವರು ಒಬ್ಬರೇ ಅಲ್ಲ. ನಿಮ್ಮ ಅಭಿಪ್ರಾಯವನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರು ಹಾಳೆ ಒಪ್ಪಿಸಿದ ಮೇಲೆ, ಅವರಿಗೆ ಹಾಕಿದ ನಿಯಮಕ್ಕೇ ಬದ್ಧರಾಗಿ ಹೇಳಿ: ನಿಮ್ಮ ತೀರ್ಪು, ಅದರ ಕಾರಣ, ಅದಕ್ಕೆ ವಿರುದ್ಧವಾದ ಒಂದು ಸಂಗತಿ.